ಕಾಲಳತೆಯ ಎಚ್‌ಟಿ-2ಕ್ಕೆ ಲೋಹದ ಕಾಲು: ಎರಡು ಜೊತೆ ಮುರಿದವು, ಮೂರನೆಯದು ಹೇಗೆ ಮಾಡಲಿ?

ಬಾಲ್ಸಾಪುಡಿ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಎಚ್‌ಎಎಲ್‌ನ ಹಳೆಯ ತರಬೇತಿ ವಿಮಾನ ಎಚ್‌ಟಿ-2ರ ಹಾರುವ ಮಾದರಿ ಕಟ್ಟುತ್ತಿದ್ದೇನೆ. ಕಾಲಳತೆ, ಅಂದರೆ 1:4. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 10.72 ಮೀಟರ್, ನನ್ನದು 2.68. ಪೆಟ್ರೋಲ್ ಎಂಜಿನ್, ಬ್ಯಾಟರಿ ಎಲ್ಲ ಸೇರಿ ತೂಕ 14 ಕೆಜಿ. ಹಾರುವುದರಲ್ಲಿ ಏನೂ ತೊಂದರೆ ಇಲ್ಲ. ಇಳಿಯುವುದೇ ತೊಂದರೆ.

ಮೊದಲ ಜೊತೆ ಕಾಲು, ಅಂದರೆ ಲ್ಯಾಂಡಿಂಗ್ ಗೇರ್, 6 ಮಿಮೀ ಪಿಯಾನೋ ವೈರಿನದು (ಗಟ್ಟಿ ಸ್ಪ್ರಿಂಗ್ ಸ್ಟೀಲ್ ತಂತಿ), ಮೇಲೆ ತಗಡಿನ ಹೊದಿಕೆ. ಒಂದೇ ಇಳಿತಕ್ಕೆ ಎರಡೂ ಹಿಂದಕ್ಕೆ ಬಾಗಿದವು. ಪ್ರೊಪೆಲ್ಲರ್ ಹೋಯಿತು.

ಎರಡನೇ ಜೊತೆ ನೋಡುವುದಕ್ಕೆ ಚೆನ್ನಾಗಿತ್ತು. 22 ಮಿಮೀ ಅಲ್ಯೂಮಿನಿಯಂ ಟ್ಯೂಬ್, ಒಳಗೆ 16 ಮಿಮೀ ತೂತು, ಅದರೊಳಗೆ ಸ್ಪ್ರಿಂಗ್, ಕೆಳಗೆ 12 ಮಿಮೀ ರಾಡ್. ಟ್ಯೂಬಿನ ತಲೆಗೆ 6 ಮಿಮೀ ಪ್ಲೇಟ್ ಆರ್ಗಾನ್ ವೆಲ್ಡಿಂಗ್ ಮಾಡಿಸಿದೆ. ಮೂರನೇ ಇಳಿತದಲ್ಲಿ ಎಡಗಾಲು ಹೋಯಿತು. ಗಮನಿಸಿ, ವೆಲ್ಡಿಂಗ್ ಬಿಟ್ಟಿಲ್ಲ. ಅದರಿಂದ ಸುಮಾರು 4 ಮಿಮೀ ಕೆಳಗೆ, ಕಬ್ಬಿನ ಜಲ್ಲೆ ಮುರಿದ ಹಾಗೆ ಮುರಿದಿದೆ. ವೆಲ್ಡ್ ಮಾಡಿದವರ ಹತ್ತಿರ ಹೋದರೆ, ‘ನಮ್ಮ ಕೆಲಸ ಗಟ್ಟಿಯಾಗೇ ಇದೆ ನೋಡಿ ಸರ್’ ಎಂದು ತೋರಿಸಿದರು. ಅವರು ಹೇಳಿದ್ದೂ ನಿಜವೇ!

ಈಗ ಮೂರನೆಯದು ಮಾಡಬೇಕು. ಟ್ಯೂಬ್ ದಪ್ಪ ಮಾಡಲೇ, ಸ್ಟೀಲಿಗೆ ಹೋಗಲೇ?

ಗಾಳಿಮಾತು

ಕಾಲಳತೆಯ ವಿಮಾನಕ್ಕೆ ಕಾಲೇ ನಿಲ್ಲುತ್ತಿಲ್ಲ ಅಂದರೆ ಹೆಸರಲ್ಲೇ ದೋಷ ಇದೆ. ಅರೆ ಅಳತೆಗೆ ಹೋಗಿ.

ಟರ್ನರ್_ರಾಜಾಜಿನಗರ

ಮೂವತ್ತೈದು ವರ್ಷ ಲೇತ್ ಮುಂದೆ ನಿಂತವನು ಹೇಳುತ್ತಿದ್ದೇನೆ. ವೆಲ್ಡ್ ಮಾಡಿದವರ ತಪ್ಪಲ್ಲ, ಅಲ್ಲಿ ವೆಲ್ಡ್ ಮಾಡಿಸಿದ್ದು ತಪ್ಪು. ಟ್ಯೂಬ್ ಯಾವ ಗ್ರೇಡ್? ಅಂಗಡಿಯಲ್ಲಿ ಎಚ್‌ಇ-30 ಅಂತ ಕೊಟ್ಟರೆ ಅದು 6082 ಅಲ್ಯೂಮಿನಿಯಂ. ಟಿ6 ಹದದಲ್ಲಿ ಬರುತ್ತದೆ. ಆ ಹದ ಬಂದಿರುವುದೇ ಶಾಖದಿಂದ. ಕಾಯಿಸಿ, ನೀರಿಗೆ ಅದ್ದಿ, ಮತ್ತೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಬರಿಸಿದ ಗಟ್ಟಿತನ ಅದು. ನೀವು ಮತ್ತೆ ಟಾರ್ಚ್ ಹಿಡಿದರೆ ಆ ಜಾಗದ ಹದ ಇಳಿದುಹೋಗುತ್ತದೆ. ವೆಲ್ಡಿನ ಗಂಟು ದಪ್ಪಗಿರುವುದರಿಂದ ಉಳಿಯುತ್ತದೆ. ಪಕ್ಕದ ತೆಳು ಗೋಡೆ ಮೆತ್ತಗಾಗಿ ಮುರಿಯುತ್ತದೆ. ನಿಮಗಾಗಿದ್ದೂ ಅದೇ.

ಬಾಲ್ಸಾಪುಡಿ

ಹೌದು ಸರ್, ಎಚ್‌ಇ-30 ಎಂದೇ ಬಿಲ್ಲಿನಲ್ಲಿದೆ. ಎಷ್ಟು ಮೆತ್ತಗಾಗುತ್ತದೆ?

ಪೇಡೆಪ್ರಿಯ_ಧಾರವಾಡ

ನೋಡ್ರಿ, ಲೆಕ್ಕ ಹಾಕೋಣ. ನಾನು ಕಾಲೇಜಿನಾಗ ಇದನ್ನೇ ಪಾಠ ಮಾಡೋನು.

14 ಕೆಜಿ ವಿಮಾನ ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಕೆಳಗೆ ಬಂದು ಕೂತಿತು ಅಂತ ಇಟ್ಟುಕೊಳ್ಳಿ. ಶಕ್ತಿ 15.75 ಜೂಲ್. ಸ್ಪ್ರಿಂಗ್ 25 ಮಿಮೀ ಕುಗ್ಗುತ್ತದೆ ಎಂದಾದರೆ, ಸ್ಪ್ರಿಂಗಿನ ಗರಿಷ್ಠ ಬಲ ಸರಾಸರಿಯ ಎರಡರಷ್ಟು. ಎರಡೂ ಕಾಲಿಗೆ ಸೇರಿ 1260 ನ್ಯೂಟನ್, ಒಂದಕ್ಕೆ 630.

ಇಷ್ಟೇ ಆಗಿದ್ದರೆ ಟ್ಯೂಬ್ ನಗ್ತಾ ನಿಲ್ಲುತ್ತಿತ್ತು. ನೇರ ಒತ್ತಡ ಅದನ್ನು ಏನೂ ಮಾಡೋದಿಲ್ಲ. ಮುರಿಯೋದು ಹಿಂದಕ್ಕೆ ಎಳೆಯುವ ಬಲ. ಹುಲ್ಲು, ಗುಂಡಿ, ಕಲ್ಲು. ಅದನ್ನು ನೇರ ಬಲದ ಅರ್ಧ ಅಂತ ಹಿಡಿಯಿರಿ. ಕಾಲಿನ ಉದ್ದ ಎಷ್ಟು?

ಬಾಲ್ಸಾಪುಡಿ

ಪ್ಲೇಟಿನಿಂದ ಆಕ್ಸಲ್‌ವರೆಗೆ 220 ಮಿಮೀ.

ಡಲ್ಲಾಸ್_ಕನ್ನಡಿಗ

ಧಾರವಾಡದ ಸರ್, ಒಂದು ಸಣ್ಣ ತಿದ್ದುಪಡಿ. ಸ್ಪ್ರಿಂಗ್ ಕುಗ್ಗುವಾಗ ವಿಮಾನ ಇನ್ನೂ 25 ಮಿಮೀ ಕೆಳಗಿಳಿಯುತ್ತದೆ ಅಲ್ವಾ? ಆ ಶಕ್ತಿ ಬಿಟ್ಟುಹೋಗಿದೆ. ಇನ್ನೊಂದು 3.4 ಜೂಲ್ ಸೇರಿಸಿ.

ಪೇಡೆಪ್ರಿಯ_ಧಾರವಾಡ

ಖರೇ ಅದ. ಹುಡುಗರು ಬಿಟ್ಟರೆ ಒಂದು ಮಾರ್ಕ್ಸ್ ಕಳೀತಿದ್ದೆ, ಈಗ ನಂದೇ ಕಳೀರಿ. ಒಟ್ಟು 19.2 ಜೂಲ್. ಒಂದು ಕಾಲಿಗೆ ಸುಮಾರು 770 ನ್ಯೂಟನ್, ಅಂದರೆ 78 ಕೆಜಿ ತೂಕದ ಮನುಷ್ಯ ಒಂದೇ ಕಾಲಿನ ಮೇಲೆ ನಿಂತ ಹಾಗೆ. ಹಿಂದಕ್ಕೆ ಎಳೆತ 385. ಅದನ್ನು 220 ಮಿಮೀಗೆ ಗುಣಿಸಿದರೆ ಟ್ಯೂಬಿನ ಬುಡದಲ್ಲಿ 85 ನ್ಯೂಟನ್ ಮೀಟರ್. 22-16 ಟ್ಯೂಬಿಗೆ ಅದು 113 ಮೆಗಾಪ್ಯಾಸ್ಕಲ್ ಆಗುತ್ತದೆ.

6082 ಟಿ6 ಹದದಲ್ಲಿ 250ರವರೆಗೆ ಬಾಗದೆ ತಡೆಯುತ್ತದೆ. ವೆಲ್ಡ್ ಪಕ್ಕದಲ್ಲಿ ಅದು ಹತ್ತಿರ ಹತ್ತಿರ ಅರ್ಧಕ್ಕೆ, 125ಕ್ಕೆ ಇಳಿಯುತ್ತದೆ. 113ಕ್ಕೂ 125ಕ್ಕೂ ಕೂದಲೆಳೆಯ ಅಂತರ. ಎರಡು ಇಳಿತ ತಡೆದಿದ್ದೇ ಪುಣ್ಯ. ಹಂಗಂತ ಟ್ಯೂಬ್ ದಪ್ಪ ಮಾಡಬೇಡ್ರಿ. ವೆಲ್ಡ್ ತೆಗೀರಿ, ಅಷ್ಟೇ.

ಹೊಸಬ22

ಇದೆಲ್ಲ ಯಾಕೆ? ಅಗಲ ಸ್ಪ್ರಿಂಗ್ ಸ್ಟೀಲ್ ಪಟ್ಟಿ ಬಗ್ಗಿಸಿ ಹಾಕಿದರೆ ಮುಗಿಯಿತಲ್ಲ. ನನ್ನ ಹೈವಿಂಗ್ (ರೆಕ್ಕೆ ಮೇಲಿರುವ) ಟ್ರೈನರ್‌ನಲ್ಲಿ ಹಾಗೇ ಇದೆ. ಒಂದು ಸಲವೂ ಮುರಿದಿಲ್ಲ.

ಕಡಲತಡಿ

ಅದು ನಿಮ್ಮ ಟ್ರೈನರ್‌ಗೆ ಸರಿ ಮಾರಾಯ್ರೆ. ಇವರದ್ದು ಎಚ್‌ಟಿ-2. ಅದಕ್ಕೆ ರೆಕ್ಕೆಯಿಂದ ಎರಡು ಕಂಬದ ಹಾಗೆ ಕಾಲು ಇಳಿಯುವುದೇ ಚಂದ. ಪಟ್ಟಿ ಹಾಕಿದರೆ ಧೋತರ ಉಟ್ಟು ಬೂಟು ಹಾಕಿದ ಹಾಗೆ ಕಾಣುತ್ತದೆ.

ವಿಮಾನಪುರದ_ಹುಡುಗ

ಧೋತರದ ಮಾತಿಗೆ ನಕ್ಕು ಸಾಕಾಯಿತು. ನಮ್ಮ ತಾತ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಎಚ್‌ಟಿ-2 ಅಂದರೆ ಅವರಿಗೆ ಮನೆ ಮಗಳ ಹಾಗೆ. ಘಾಟ್ಗೆಯವರ ತಂಡ ವಿನ್ಯಾಸ ಮಾಡಿದ್ದು, 1951ರಲ್ಲಿ ಮೊದಲ ಸಲ ಹಾರಿದ್ದು, ಆಮೇಲೆ ಘಾನಾ ದೇಶದ ವಾಯುಪಡೆಗೂ ಹೋಗಿದ್ದು, ಇದನ್ನೆಲ್ಲ ಊಟಕ್ಕೆ ಕೂತಾಗ ಕೇಳಿ ಕೇಳಿ ನಮಗೆ ಬಾಯಿಪಾಠ. ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದು ನಿಂತಿದೆ. ಅಳತೆ ಬೇಕಿದ್ದರೆ ಹೋಗಿ ನೋಡಿ.

ಬಾಲ್ಸಾಪುಡಿ

ಮೂರು ಸಲ ಹೋಗಿದ್ದೇನೆ. ಟೇಪ್ ಹಿಡಿದು ಒಳಗೆ ನುಗ್ಗುವ ಹಾಗಿಲ್ಲವಲ್ಲ. ಮಗಳನ್ನು ಚಕ್ರದ ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆದೆ. ಅವಳ ಎತ್ತರ 118 ಸೆಂಮೀ. ಅದರ ಲೆಕ್ಕದಲ್ಲೇ ಕಾಲಿನ ಉದ್ದ, ಚಕ್ರದ ಅಗಲ ಎಲ್ಲ ತೆಗೆದಿದ್ದು. ಈಗ ಅವಳು 124. ಮತ್ತೆ ಹೋಗುವ ಮುಂಚೆ ಮನೆಯಲ್ಲಿ ಅಳೆದುಕೊಂಡು ಹೋಗಬೇಕು.

ಸೀಮೆಸುಣ್ಣ

ಒಂದು ಬೇಡಿಕೆ. ಇಷ್ಟುದ್ದ ಮಾತಾಡಿದಿರಿ, ‘ಲ್ಯಾಂಡಿಂಗ್ ಗೇರ್’ ಬಿಟ್ಟು ಒಂದು ಕನ್ನಡ ಪದ ಬಳಸಬಾರದೇ? ‘ಇಳಿಗಾಲು’ ಹೇಗಿದೆ? ಇಳಿಯುವುದಕ್ಕೆ ಇರುವ ಕಾಲು.

ಟರ್ನರ್_ರಾಜಾಜಿನಗರ

ಇಳಿಗಾಲು ಚೆನ್ನಾಗಿದೆ. ಆದರೆ ನನ್ನ ಹುಡುಗನಿಗೆ ‘ಇಳಿಗಾಲಿಗೆ ಬುಷ್ ಹಾಕು’ ಅಂದರೆ ಯಾರ ಕಾಲಿಗೆ ಅಂತ ಕೇಳುತ್ತಾನೆ.

ಗಾಳಿಮಾತು

ಏರುವಾಗಲೂ ಅದೇ ಕಾಲಲ್ವಾ? ಹಾಗಾದರೆ ‘ಏರಿಳಿಗಾಲು’.

ಡಲ್ಲಾಸ್_ಕನ್ನಡಿಗ

ವಿಷಯಕ್ಕೆ ಬರೋಣ. ನನ್ನ ಹತ್ತಿರ ಇರುವ ದೊಡ್ಡ ವಿಮಾನದ ತೂಕ 17 ಕೆಜಿ. ಅದರ ಕಾಲಿಗೆ 4130 ಕ್ರೋಮೋಲಿ ಸ್ಟೀಲ್ ಟ್ಯೂಬ್, ಗೋಡೆ ದಪ್ಪ 1 ಮಿಮೀಗಿಂತ ಕಡಿಮೆ. ಫ್ಲೇಂಜ್ (ತಲೆಯ ಪ್ಲೇಟ್), ಆಕ್ಸಲ್, ಕಿವಿಗಳು ಎಲ್ಲ ಸಿಲ್ವರ್ ಬ್ರೇಜಿಂಗ್, ಅಂದರೆ ಬೆಳ್ಳಿ ಬೆರೆತ ಕಡ್ಡಿ ಕರಗಿಸಿ ಬೆಸೆದದ್ದು. ವೆಲ್ಡಿಂಗಿಗಿಂತ ತುಂಬ ಕಡಿಮೆ ಶಾಖ. ಕೆಂಪು ಬರುವಷ್ಟು ಕಾಯಿಸಿದರೆ ಬೆಳ್ಳಿ ತಾನಾಗಿ ಸಂದಿಯೊಳಗೆ ಹರಿದುಹೋಗುತ್ತದೆ. ಸಂದಿ ಮಾತ್ರ ಬಿಗಿಯಾಗಿರಬೇಕು. 0.1 ಮಿಮೀ ಇದ್ದರೆ ಒಳ್ಳೆಯದು, ದೊಡ್ಡ ಸಂದಿ ತುಂಬಿಸಲು ಹೋದರೆ ಅದು ಅಂಟು ಹಚ್ಚಿದ ಹಾಗೆ.

ಕಡಲತಡಿ

ಇದಕ್ಕೆ ನನ್ನದೊಂದು ಕಥೆ ಉಂಟು. ನಮ್ಮೂರಲ್ಲಿ ಬ್ರೇಜಿಂಗ್ ಮಾಡುವವರನ್ನು ಹುಡುಕಿ ಸುಸ್ತಾಗಿ, ಕೊನೆಗೆ ಪರಿಚಯದ ಅಕ್ಕಸಾಲಿಗರ ಹತ್ತಿರ ಹೋದೆ. ಕಾಲಿನ ಪೀಸ್ ಕೈಲಿ ಹಿಡಿದು ತಿರುಗಿಸಿ ನೋಡಿದರು. ‘ಇದು ಯಾವ ದೇವರ ಕಾಲು?’ ಅಂದರು. ವಿಮಾನದ್ದು ಅಂದೆ. ಬಿಳಿಗಾರ ಅರೆದು ಹಚ್ಚಿ, ಊದುಗೊಳವೆ ಪಕ್ಕಕ್ಕಿಟ್ಟು ದೊಡ್ಡ ಗ್ಯಾಸ್ ಟಾರ್ಚ್ ಹಿಡಿದು ಎರಡು ನಿಮಿಷದಲ್ಲಿ ಬೆಸೆದರು. ಬಿಳಿಗಾರ ಮೊದಲು ಗುಳ್ಳೆ ಬಂದ ಹಾಗೆ ಉಬ್ಬುತ್ತದೆ, ಆಮೇಲೆ ಗಾಜಿನ ಹಾಗೆ ಕರಗಿ ಕೂರುತ್ತದೆ, ಆಗ ಬೆಳ್ಳಿ ತಾಗಿಸಬೇಕು. ನಾನು ಮೊದಲೇ ತಾಗಿಸುತ್ತಿದ್ದೆ, ಅದಕ್ಕೇ ಗುಂಡಾಗಿ ಉರುಳಿ ಬೀಳುತ್ತಿತ್ತು. ದುಡ್ಡು ತೆಗೆದುಕೊಳ್ಳಲಿಲ್ಲ. ಮೊಮ್ಮಗನಿಗೆ ಹಾರಿಸಿ ತೋರಿಸಬೇಕು ಅಂದರು. ತೋರಿಸಿದೆ.

ಒಂದು ಎಚ್ಚರಿಕೆ. ಕೆಲವು ಬ್ರೇಜಿಂಗ್ ಕಡ್ಡಿಯಲ್ಲಿ ಕ್ಯಾಡ್ಮಿಯಂ ಇರುತ್ತದೆ. ಅದರ ಹೊಗೆ ವಿಷ. ಅದಿಲ್ಲದ ಕಡ್ಡಿ ಕೇಳಿ ತನ್ನಿ, ಕಿಟಕಿ ತೆರೆದಿಡಿ.

ಹೊಸಬ22

ಪಿಯಾನೋ ವೈರಿಗೂ ಹೀಗೆ ಬ್ರೇಜ್ ಮಾಡಬಹುದಾ?

ಟರ್ನರ್_ರಾಜಾಜಿನಗರ

ಮಾಡಬಹುದು, ಮಾಡಿದ ಮೇಲೆ ಅದು ಪಿಯಾನೋ ವೈರ್ ಆಗಿರುವುದಿಲ್ಲ. ಕಟ್ಟುವ ತಂತಿ ಆಗಿರುತ್ತದೆ. ವೈರಿಗೆ ತಾಮ್ರದ ತಂತಿ ಸುತ್ತಿ ಸಾದಾ ಬೆಸುಗೆ ಹಾಕಿ, ಸಾಕು.

ಬಾಲ್ಸಾಪುಡಿಯವರೇ, ನಿಮಗೆ ನನ್ನ ಸಲಹೆ ಬೇರೆ. ಸ್ಟೀಲಿಗೆ ಹೋಗಬೇಡಿ, ಜೋಡಣೆಯೇ ಬೇಡ. 65 ಮಿಮೀ ಎಚ್‌ಇ-30 ಗುಂಡು ಬಾರ್ ತನ್ನಿ. ಫ್ಲೇಂಜ್ ಮತ್ತು ಟ್ಯೂಬ್ ಒಂದೇ ತುಂಡಿನಲ್ಲಿ ತಿರುಗಿಸಿ. ಹೊರಗೆ 22, ಒಳಗೆ 16. ಫ್ಲೇಂಜ್ ಮತ್ತು ಟ್ಯೂಬ್ ಸೇರುವ ಮೂಲೆಯಲ್ಲಿ ಚೂಪು ಬಿಡಬೇಡಿ. ಟೂಲ್ ಮೂತಿಯನ್ನು ದುಂಡಗೆ ಉಜ್ಜಿ 5 ಮಿಮೀ ರೇಡಿಯಸ್ ಕೊಡಿ. ಚೂಪು ಮೂಲೆ ಅಂದರೆ ಬಿರುಕಿಗೆ ಬರೆದುಕೊಟ್ಟ ಆಮಂತ್ರಣ.

ಹೊಸಬ22

65 ಮಿಮೀ ಬಾರ್ ತಂದು 22 ಮಾಡುವುದಾ! ಎಲ್ಲ ಚೂರಾಗಿ ಹೋಗುತ್ತದಲ್ಲ.

ಟರ್ನರ್_ರಾಜಾಜಿನಗರ

ಹೋಗುತ್ತದೆ. 1.6 ಕೆಜಿ ಬಾರಿನಲ್ಲಿ 150 ಗ್ರಾಂ ಕಾಲು ಉಳಿಯುತ್ತದೆ. ಚೂರನ್ನು ಗುಜರಿಗೆ ಹಾಕಿ. ಎರಡು ವರ್ಷ ಕಟ್ಟಿದ ವಿಮಾನ ಗುಜರಿಗೆ ಹೋಗುವುದಕ್ಕಿಂತ ಅದು ವಾಸಿ.

ಬಾಲ್ಸಾಪುಡಿ

ಸರ್, ಇದು ಮನಸ್ಸಿಗೆ ಬಂತು. ಆದರೆ ಇನ್ನೊಂದು ಭಯ. ಕಾಲು ಅಷ್ಟು ಗಟ್ಟಿಯಾದರೆ ಮುಂದಿನ ಸಲ ರೆಕ್ಕೆಯ ಬುಡವೇ ಕಿತ್ತು ಬರುವುದಿಲ್ಲವೇ? ಎರಡನೇ ಜೊತೆ ಮುರಿದಾಗ ರೆಕ್ಕೆಗೆ ಒಂದು ಗೀರೂ ಆಗಲಿಲ್ಲ. ಕಾಲು ಹೋಯಿತು, ರೆಕ್ಕೆ ಉಳಿಯಿತು.

ಪೇಡೆಪ್ರಿಯ_ಧಾರವಾಡ

ಇದೇ ನೋಡ್ರಿ ಈ ಇಡೀ ಚರ್ಚೆಯಾಗ ಕೇಳಬೇಕಾಗಿದ್ದ ಪ್ರಶ್ನೆ! ಎಲ್ಲರೂ ಕಾಲು ಗಟ್ಟಿ ಮಾಡೋ ಮಾತಾಡ್ತೀವಿ. ಮೊದಲು ಯಾವುದು ಮುರೀಬೇಕು ಅಂತ ನಾವೇ ನಿರ್ಧಾರ ಮಾಡಿ ಇಡಬೇಕು. ಮನೆಯ ಫ್ಯೂಸ್ ಇದ್ದ ಹಾಗೆ. ಕಾಲನ್ನು ರೆಕ್ಕೆಗೆ ಹಿಡಿದಿಡೋ ನಾಲ್ಕು ಬೋಲ್ಟಲ್ಲಿ ಎರಡು ನೈಲಾನ್ ಹಾಕ್ರಿ.

ಬಾಲ್ಸಾಪುಡಿ

ಕಾಲು ಹಿಂದಕ್ಕೆ ಮಡಚಬೇಕು ಅಂದರೆ ಹಿಂದಿನ ಎರಡು ನೈಲಾನ್ ಅಲ್ಲವೇ?

ಡಲ್ಲಾಸ್_ಕನ್ನಡಿಗ

ಅಲ್ಲ, ಮುಂದಿನವು. ಬಾಗಿಲನ್ನು ನೆನೆಸಿಕೊಳ್ಳಿ. ಚಕ್ರ ಹಿಂದಕ್ಕೆ ಹೋದರೆ ಫ್ಲೇಂಜಿನ ಹಿಂದಿನ ಅಂಚು ರೆಕ್ಕೆಗೆ ಒತ್ತಿಕೊಂಡು ತಿರುಗಣೆ ಆಗುತ್ತದೆ, ಮುಂದಿನ ಅಂಚು ರೆಕ್ಕೆಯಿಂದ ಬಾಯಿ ತೆರೆಯುತ್ತದೆ. ಎಳೆತ ಬೀಳುವುದು ಮುಂದಿನ ಬೋಲ್ಟುಗಳಿಗೆ. ಹಿಂದೆ ಎಂ5 ಸ್ಟೀಲ್, ಮುಂದೆ ಎಂ6 ನೈಲಾನ್.

ಪೇಡೆಪ್ರಿಯ_ಧಾರವಾಡ

ಎಂ6 ನೈಲಾನ್ ಒಂದಕ್ಕೆ ಸುಮಾರು 1400 ನ್ಯೂಟನ್ ಹಿಡೀರಿ. ಎರಡಕ್ಕೆ 2800. ಬೋಲ್ಟಿನಿಂದ ಹಿಂದಿನ ಅಂಚಿಗೆ 40 ಮಿಮೀ ಅಂತ ಇಟ್ಟರೆ 112 ನ್ಯೂಟನ್ ಮೀಟರಿಗೆ ಕಿತ್ತುಬರುತ್ತವೆ. ಗಟ್ಟಿ ಇಳಿತದ ಲೆಕ್ಕ 85 ಇತ್ತು. ಅಂದರೆ ಮಾಮೂಲಿ ಒರಟು ಇಳಿತಕ್ಕೆ ನಿಲ್ಲುತ್ತವೆ, ಗುಂಡಿಗೆ ಬಿದ್ದರೆ ಹೋಗುತ್ತವೆ. ಆ ಹೊತ್ತಿಗೆ ಟ್ಯೂಬಿನ ಬುಡದಲ್ಲಿ 149 ಮೆಗಾಪ್ಯಾಸ್ಕಲ್, ತಡೆಯೋದು 250. ಕಾಲು ಸೇಫ್, ರೆಕ್ಕೆ ಸೇಫ್. ನೈಲಾನ್ ಮಾತ್ರ ಹಳೇದಾಗಿ ಒಣಗಿದರೆ ಪೆಳಸಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.

ವಿಮಾನಪುರದ_ಹುಡುಗ

ಹತ್ತು ರೂಪಾಯಿ ಬೋಲ್ಟ್ ಮುರಿಯಲಿ, ಹತ್ತು ತಿಂಗಳ ರೆಕ್ಕೆ ಉಳಿಯಲಿ. ಸರಿ ಹೋಯಿತು.

ಬಾಲ್ಸಾಪುಡಿ (ಬುಧವಾರ)

ಬಾರ್ ತಂದೆ. ಟರ್ನರ್ ಸರ್ ಮೆಸೇಜಿನಲ್ಲಿ ದಾರಿ ಹೇಳಿದರು, ಪರಿಚಯದ ಲೇತಿನಲ್ಲಿ ಕೆಲಸ ನಡೆಯುತ್ತಿದೆ. ಈಗ ರಾಡಿನ ಸಮಸ್ಯೆ. 12 ಮಿಮೀ ಕ್ರೋಮ್ ರಾಡ್ ತಂದಿದ್ದೇನೆ, ಸಿಎನ್‌ಸಿ ಮೆಷಿನ್, ತ್ರೀಡಿ ಪ್ರಿಂಟರಿಗೆ ಹಾಕುವಂಥದ್ದು. ಕನ್ನಡಿ ಹಾಗೆ ಹೊಳೆಯುತ್ತದೆ. ಆಕ್ಸಲ್ ಕೂರಿಸಲು ಅಡ್ಡ ತೂತು ಹಾಕಲು ಹೋದೆ. ಮೂರು ಡ್ರಿಲ್ ಬಿಟ್ ಕಿರುಚಿ, ನೀಲಿಯಾಗಿ ಸತ್ತವು. ರಾಡಿನ ಮೇಲೆ ಒಂದು ಚುಕ್ಕೆ ಬಿದ್ದಿದೆ, ಅಷ್ಟೇ.

ಟರ್ನರ್_ರಾಜಾಜಿನಗರ

ಅದು ಮೇಲ್ಮೈ ಮಾತ್ರ ಗಟ್ಟಿ ಮಾಡಿದ ರಾಡ್. ಒಂದು ಮಿಮೀ ಆಸುಪಾಸಿನ ಸಿಪ್ಪೆ ಗಾಜಿನ ಹಾಗೆ, ಒಳಗೆ ಮೆತ್ತಗೆ. ತೆಂಗಿನಕಾಯಿ ಇದ್ದ ಹಾಗೆ ಅಂದುಕೊಳ್ಳಿ. ತೂತು ಬರುವ ಜಾಗದಲ್ಲಿ ಎರಡೂ ಬದಿ ಸಿಪ್ಪೆಯನ್ನು ಸಣ್ಣ ಗ್ರೈಂಡರಿನಲ್ಲಿ ಚಪ್ಪಟೆ ಉಜ್ಜಿ ತೆಗೆಯಿರಿ. ಆಮೇಲೆ ಮಾಮೂಲಿ ಬಿಟ್ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ತೂಕ ಕಡಿಮೆ ಮಾಡಲು ಉದ್ದಕ್ಕೆ ಕೊರೆಯಬೇಕಿದ್ದರೆ ಕೊಯ್ದ ತುದಿಯಿಂದ ಶುರು ಮಾಡಿ, ಅಲ್ಲಿ ಒಳಗಿನ ತಿರುಳೇ ಸಿಗುತ್ತದೆ. ಬುಷ್ (ರಾಡ್ ಜಾರುವ ಕೊಳವೆ) ಗನ್‌ಮೆಟಲ್ ಎಂಬ ಕಂಚಿನದು ಹಾಕಿ. ರಾಡ್ ಕೈಯಲ್ಲಿ ಬಿಟ್ಟರೆ ತಾನಾಗಿ ನಿಧಾನ ಇಳಿಯಬೇಕು, ಅಲ್ಲಾಡಬಾರದು. ಬುಷ್ ಉದ್ದ ರಾಡಿನ ದಪ್ಪದ ಎರಡರಷ್ಟಾದರೂ ಇರಲಿ, ಇಲ್ಲದಿದ್ದರೆ ಹಿಂದಕ್ಕೆ ಎಳೆದಾಗ ಸಿಕ್ಕಿಕೊಳ್ಳುತ್ತದೆ.

ಕಡಲತಡಿ

ಸ್ಪ್ರಿಂಗ್ ಯಾವುದು? ಡೈ ಸ್ಪ್ರಿಂಗ್ ನೋಡಿ. ಪ್ರೆಸ್ ಟೂಲಿಗೆ ಹಾಕುವ ಚಪ್ಪಟೆ ತಂತಿಯ ಸ್ಪ್ರಿಂಗ್. 16 ಮಿಮೀ ತೂತಿಗೇ ಮಾಡಿದ್ದು ಸಿಗುತ್ತದೆ. ಬಣ್ಣದಲ್ಲೇ ಗುರುತು: ಹಸಿರು ಮೆತ್ತಗೆ, ನೀಲಿ ಮಧ್ಯಮ, ಕೆಂಪು ಗಟ್ಟಿ, ಹಳದಿ ಇನ್ನೂ ಗಟ್ಟಿ. ಗಟ್ಟಿಯಾದಷ್ಟು ಕುಗ್ಗುವುದು ಕಡಿಮೆ, ಹಾಗಾಗಿ ಉದ್ದದ್ದೇ ತನ್ನಿ. ನಿಮ್ಮ ಲೆಕ್ಕಕ್ಕೆ ಮಿಮೀಗೆ 31 ನ್ಯೂಟನ್ ಆಸುಪಾಸು ಬೇಕು.

ಹೊಸಬ22

ಆಕ್ಸಲ್ ತಿರುಗದ ಹಾಗೆ ಏನು ಮಾಡುತ್ತೀರಿ? ರಾಡ್ ಗುಂಡಗಿದೆಯಲ್ಲ, ಚಕ್ರ ಪಕ್ಕಕ್ಕೆ ತಿರುಗಿಬಿಡುತ್ತದೆ.

ಬಾಲ್ಸಾಪುಡಿ

ಕತ್ತರಿ ಲಿಂಕ್ ಹಾಕುತ್ತಿದ್ದೇನೆ. ಮೇಲಿನ ಟ್ಯೂಬಿಗೊಂದು ಕಿವಿ, ಕೆಳಗಿನ ಆಕ್ಸಲ್ ಬ್ಲಾಕಿಗೊಂದು ಕಿವಿ, ಮಧ್ಯೆ ಮೊಣಕೈ ಹಾಗೆ ಮಡಚುವ ಎರಡು ತೋಳು. 5 ಮಿಮೀ ಪ್ಲೇಟಿನಲ್ಲಿ ಗರಗಸ, ಅರ ಹಿಡಿದು ಕೈಯಲ್ಲೇ ಮಾಡಿದ್ದು. ಇನ್ನೊಂದು ಪ್ರಶ್ನೆ. ಚಕ್ರಗಳ ಮುಂದಿನ ಅಂಚನ್ನು ಸ್ವಲ್ಪ ಒಳಮುಖ ಮಾಡಲೇ, ನೇರ ಇಡಲೇ?

ಡಲ್ಲಾಸ್_ಕನ್ನಡಿಗ

ಅಯ್ಯೋ. ಇದನ್ನು ಕೇಳಬಾರದಿತ್ತು.

ಕಡಲತಡಿ

ಒಳಮುಖ. ಒಂದೆರಡು ಡಿಗ್ರಿ. ಬಾಲಚಕ್ರದ ವಿಮಾನಕ್ಕೆ ಎಲ್ಲರೂ ಹಾಗೇ ಮಾಡುವುದು.

ಟರ್ನರ್_ರಾಜಾಜಿನಗರ

ನೇರ. ಓರೆಯಾಗಿ ಇಳಿದಾಗ ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರ ಒಳಮುಖ ಇದ್ದರೆ ವಿಮಾನವನ್ನು ಇನ್ನೂ ಒಳಕ್ಕೇ ತಿರುಗಿಸುತ್ತದೆ. ಸುತ್ತು ಹೊಡೆಯಲು ನೀವೇ ಸಹಾಯ ಮಾಡಿದ ಹಾಗೆ.

ಕಡಲತಡಿ

ಹದಿನೈದು ವರ್ಷದಿಂದ ಒಳಮುಖ ಇಟ್ಟೇ ಹಾರಿಸುತ್ತಿದ್ದೇನೆ ಮಾರಾಯ್ರೆ, ಸುತ್ತು ಹೊಡೆದಿಲ್ಲ.

ಟರ್ನರ್_ರಾಜಾಜಿನಗರ

ಹುಲ್ಲಿನ ಮೇಲೆ ಹಾರಿಸುತ್ತೀರಿ. ಹುಲ್ಲಿನಲ್ಲಿ ಎಲ್ಲ ಕ್ಷಮೆ. ಡಾಂಬರಿಗೆ ಬನ್ನಿ, ಮಾತಾಡೋಣ.

ಪೇಡೆಪ್ರಿಯ_ಧಾರವಾಡ

ಇಬ್ಬರೂ ಚಹಾ ಕುಡೀರಿ. ಅದಕ್ಕಿಂತ ಮುಖ್ಯ, ಆಕ್ಸಲ್ ಎಲ್ಲಿದೆ ನೋಡ್ರಿ. ವಿಮಾನವನ್ನು ಹಾರುವ ಭಂಗಿಯಲ್ಲಿ ಸಮ ಇಟ್ಟು, ತೂಕದ ಕೇಂದ್ರದಿಂದ ಆಕ್ಸಲ್‌ಗೆ ಗೆರೆ ಎಳೆದರೆ ಅದು ನೆಟ್ಟಗಿನ ಗೆರೆಗಿಂತ 15ರಿಂದ 20 ಡಿಗ್ರಿ ಮುಂದೆ ಇರಬೇಕು. ಕಡಿಮೆ ಆದರೆ ಮೂಗು ನೆಲಕ್ಕೆ. ಜಾಸ್ತಿ ಆದರೆ ಇಳಿದಾಗ ಕುಪ್ಪಳಿಸುತ್ತದೆ, ಬಾಲ ನೆಟ್ಟಗೆ ಓಡೋದಿಲ್ಲ.

ಬಾಲ್ಸಾಪುಡಿ (ಮುಂದಿನ ಭಾನುವಾರ)

ಕಾಲು ಸಿದ್ಧವಾಯಿತು! ಹಾರಿಸುವ ಮುಂಚೆ ಬೀಳಿಸಿ ನೋಡಿದೆ. ಎರಡು ಮರದ ಕಂಬದ ನಡುವೆ ಜಾರುವ ಹಲಗೆ, ಅದಕ್ಕೆ ಒಂದೇ ಕಾಲು, ಮೇಲೆ ತೂಕ. ಒಂದು ಕಾಲಿಗೆ 7 ಕೆಜಿ ಬೇಕಿತ್ತು. ಐದು ಕೆಜಿ ಅಕ್ಕಿ ಚೀಲ, ಎರಡು ಕೆಜಿ ತೊಗರಿಬೇಳೆ. ಸೆಕೆಂಡಿಗೆ 1.5 ಮೀಟರ್ ವೇಗ ಬರಬೇಕಾದರೆ ಚಕ್ರ ನೆಲದಿಂದ 11.5 ಸೆಂಮೀ ಮೇಲಿರಬೇಕು. ರಾಡಿಗೆ ಒಂದು ರಬ್ಬರ್ ರಿಂಗ್ ಹಾಕಿದ್ದೆ. ಬುಷ್ ಅದನ್ನು ತಳ್ಳಿಕೊಂಡು ಹೋಗುತ್ತದೆ, ಎಷ್ಟು ಕುಗ್ಗಿತು ಎಂದು ಆಮೇಲೆ ಅಳೆಯಬಹುದು.

ಮೊದಲ ಸಲ ಎಣ್ಣೆ ಇಲ್ಲದೆ: 22 ಮಿಮೀ. ಆದರೆ ಚೆಂಡಿನ ಹಾಗೆ ಮೂರು ಸಲ ಪುಟಿಯಿತು. ಬೈಕಿನ ಫೋರ್ಕ್ ಎಣ್ಣೆ ಹಾಕಿ, ರಾಡಿನ ತಲೆಗೆ 1.5 ಮಿಮೀ ತೂತಿರುವ ಮುಚ್ಚಳ ಕೂರಿಸಿದೆ. 19 ಮಿಮೀ, ಒಂದೇ ಸಲ ಮೆಲ್ಲಗೆ ಎದ್ದು ಕೂತಿತು. ಆಮೇಲೆ ದುರಾಸೆಯಿಂದ 20 ಸೆಂಮೀಗೆ ಏರಿಸಿದೆ. ‘ಟಕ್’ ಎಂದು ಕೊನೆ ಮುಟ್ಟಿತು. ಕಾಲಿಗೇನೂ ಆಗಲಿಲ್ಲ. ಬೇಳೆ ಚೀಲ ಒಡೆಯಿತು.

ಗಾಳಿಮಾತು

ಬೇಳೆ ಬೇಯುವ ಮುಂಚೆಯೇ ಒಡೆದ ಮೊದಲ ಪ್ರಕರಣ.

ಡಲ್ಲಾಸ್_ಕನ್ನಡಿಗ

20 ಸೆಂಮೀ ಅಂದರೆ ಸೆಕೆಂಡಿಗೆ 2 ಮೀಟರ್. ಅಷ್ಟು ಜೋರಾಗಿ ಇಳಿಸಿದರೆ ತಪ್ಪು ಕಾಲಿನದಲ್ಲ, ಕೈಯದು. ಕೊನೆಯಲ್ಲಿ ಒಂದು ರಬ್ಬರ್ ವಾಷರ್ ಹಾಕಿ, ಲೋಹಕ್ಕೆ ಲೋಹ ಬಡಿಯುವುದು ಬೇಡ.

ವಿಮಾನಪುರದ_ಹುಡುಗ

ಎಣ್ಣೆ ಸೋರುತ್ತಿಲ್ಲವೇ?

ಬಾಲ್ಸಾಪುಡಿ

ಎಡಗಾಲು ಸೋರುತ್ತಿದೆ. ರಾಡಿನ ಮೇಲೆ ಬೆರಳಿಟ್ಟರೆ ಒಂದು ಗೀರು ಉಗುರಿಗೆ ಸಿಗುತ್ತದೆ, ಮೊದಲು ಡ್ರಿಲ್ ಜಾರಿದ ಜಾಗ. ಅಲ್ಲೇ ಎಣ್ಣೆ ತಡೆಯುವ ರಬ್ಬರ್ ಓ-ರಿಂಗ್ ಕಚ್ಚುತ್ತಿದೆ. ಬೆಳಿಗ್ಗೆ ನೋಡಿದರೆ ನೆಲದ ಮೇಲೆ ಎರಡು ರೂಪಾಯಿ ಅಗಲದ ಕಲೆ. ಆ ರಾಡ್ ಬದಲಿಸುತ್ತೇನೆ.

ಟರ್ನರ್_ರಾಜಾಜಿನಗರ

ಬದಲಿಸಿ. ಎಮರಿ ಹಿಡಿದು ಉಜ್ಜಿ ಸರಿ ಮಾಡಲು ಹೋಗಬೇಡಿ, ಅಳತೆ ತಪ್ಪುತ್ತದೆ. ಚಕ್ರ ಹೇಗಿಟ್ಟಿರಿ?

ಬಾಲ್ಸಾಪುಡಿ

ನೇರ. ಆದರೆ ಆಕ್ಸಲ್ ಬ್ಲಾಕಿನಲ್ಲಿ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಬಿಟ್ಟಿದ್ದೇನೆ, ಬೇಕಾದರೆ ಒಳಮುಖ ಮಾಡಬಹುದು.

ಕಡಲತಡಿ

ನೋಡಿ, ಬುದ್ಧಿವಂತರು. ಎರಡನೇ ಹಾರಾಟಕ್ಕೇ ಆ ಸ್ಕ್ರೂ ತಿರುಗಿಸುತ್ತೀರಿ, ಬರೆದಿಟ್ಟುಕೊಳ್ಳಿ.

ಟರ್ನರ್_ರಾಜಾಜಿನಗರ

ತಿರುಗಿಸಿದರೆ ನನಗೆ ಹೇಳಬೇಡಿ.

ಸೀಮೆಸುಣ್ಣ

ಹಾಗಾದರೆ ಎಣ್ಣೆ ಹಾಕಿದ್ದಕ್ಕೆ ‘ಎಣ್ಣೆಗಾಲು’ ಅನ್ನಬಹುದಾ?

ಗಾಳಿಮಾತು

ಸದ್ಯಕ್ಕೆ ‘ಸೋರುಗಾಲು’.